ಇಪ್ಪತ್ತೈದಕ್ಕೇ ಹೊರಟುಹೋದ ಗಿಟಾರ್ ಮೇಷ್ಟ್ರು

ಹೊಸದಾಗಿ ಗಿಟಾರ್ ಕೊಂಡವರನ್ನು ಕೇಳಿ ನೋಡಿ. ಮೊದಲ ತಿಂಗಳು ಅವರಿಗೆ ಬೇಕಾಗಿರುವುದು ಒಂದೇ ಒಂದು ಹಾಡು. ಅದು ಸಿನಿಮಾ ಹಾಡಾದರೆ ಇನ್ನೂ ಒಳ್ಳೆಯದು. ಕಾಲೇಜ್ ಫೆಸ್ಟ್‌ನಲ್ಲಿ ನಾಲ್ಕು ಜನ ಶಿಳ್ಳೆ ಹೊಡೆದರೆ ಸಾಕು, ಗಿಟಾರಿಗೆ ಕೊಟ್ಟ ದುಡ್ಡು ವಸೂಲಾದ ಹಾಗೆ. ಆದರೆ ಲೀಡ್ ಗಿಟಾರ್ ಕಲಿಯುತ್ತೇನೆ ಎಂದು ಹೊರಟವರಿಗೆ ಸಿಗುವುದು ಹಾಡಲ್ಲ, ಸ್ಕೇಲ್. ಏಳು ಸ್ವರಗಳ ಮೆಟ್ಟಿಲು ಹತ್ತು, ಇಳಿ, ಮತ್ತೆ ಹತ್ತು. ಬಲಗೈಯಲ್ಲಿರುವ ಪಿಕ್ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ, ತಪ್ಪದೆ. ಪಕ್ಕದಲ್ಲಿ ಟಕ್ ಟಕ್ ಎನ್ನುವ ಮೆಟ್ರೊನೋಮ್. ಈ ಮೇಲೆ-ಕೆಳಗೆ ಆಟಕ್ಕೆ ಆಲ್ಟರ್ನೇಟ್ ಪಿಕಿಂಗ್ ಎನ್ನುತ್ತಾರೆ.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಎರಡು ವರ್ಷದಿಂದ ಈ ಟಕ್ ಟಕ್ ಜೊತೆಗೇ ಬದುಕು. ನನ್ನ ಹಾಸ್ಟೆಲ್ ರೂಮ್‌ಮೇಟ್ ಒಳ್ಳೆಯವನು, ಬೈಯುವುದಿಲ್ಲ. ಆದರೆ ಅವನದೊಂದು ಪ್ರಶ್ನೆ ಇದೆ. ಇದರಿಂದ ಪ್ಲೇಸ್‌ಮೆಂಟ್ ಆಗುವುದಿಲ್ಲ, ಇದನ್ನು ಸ್ಟೇಜ್ ಮೇಲೆ ಯಾರೂ ಕೇಳುವುದಿಲ್ಲ, ಹಾಗಾದರೆ ದಿನಾ ಒಂದು ಗಂಟೆ ಇದಕ್ಕೆ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗೆ ಉತ್ತರ ಸಿಕ್ಕಿದ್ದು ಯಾವ ಪಾಠದಲ್ಲೂ ಅಲ್ಲ, ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಸತ್ತುಹೋದ ಅಮೆರಿಕದ ಹುಡುಗನೊಬ್ಬನ ಬದುಕಿನಲ್ಲಿ. ಅವನ ಹೆಸರು ರ‍್ಯಾಂಡಿ ರೋಡ್ಸ್.

ಅಮ್ಮನ ಸಂಗೀತ ಶಾಲೆ

ರ‍್ಯಾಂಡಿ ಹುಟ್ಟಿದ್ದು 1956ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾದಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವನು. ಅಪ್ಪ, ಅಮ್ಮ ಇಬ್ಬರೂ ಸಂಗೀತ ಶಿಕ್ಷಕರು. ಆದರೆ ರ‍್ಯಾಂಡಿಗೆ ಎರಡು ವರ್ಷ ತುಂಬುವ ಮೊದಲೇ ಅಪ್ಪ ಮನೆ ಬಿಟ್ಟು ಹೋದರು. ಮೂರು ಮಕ್ಕಳ ಜವಾಬ್ದಾರಿ ಅಮ್ಮ ಡೆಲೋರೆಸ್ ಅವರ ಹೆಗಲಿಗೆ ಬಿತ್ತು. ನಾರ್ತ್ ಹಾಲಿವುಡ್‌ನಲ್ಲಿ ಅವರದ್ದೇ ಒಂದು ಪುಟ್ಟ ಸಂಗೀತ ಶಾಲೆಯಿತ್ತು, ಹೆಸರು ಮ್ಯುಸೋನಿಯಾ. ಅದೇ ಸಂಸಾರದ ಆಧಾರ.

ಮನೆಯಲ್ಲಿ ಹಾಡು ಕೇಳಲು ಸ್ಟೀರಿಯೋ ಇರಲಿಲ್ಲವಂತೆ. ಸಂಗೀತ ಬೇಕಾದರೆ ತಾವೇ ನುಡಿಸಬೇಕು. ಅಮ್ಮನ ಅಪ್ಪ, ಅಂದರೆ ತಾತನ ಹಳೆಯ ಗಿಬ್ಸನ್ ಗಿಟಾರ್ ಒಂದು ಮನೆಯಲ್ಲಿತ್ತು. ಆರೇಳು ವರ್ಷದ ಹುಡುಗ ಅದನ್ನು ಹಿಡಿದುಕೊಂಡ. ಅಮ್ಮನ ಶಾಲೆಯಲ್ಲೇ ಜಾನಪದ ಮತ್ತು ಕ್ಲಾಸಿಕಲ್ ಗಿಟಾರ್ ಪಾಠ ಶುರುವಾಯಿತು. ಸ್ವರಲಿಪಿ ಓದಲು ಬರಲಿ ಎಂದು ಅಮ್ಮ ಪಿಯಾನೋಗೂ ಕೂರಿಸಿದರು. ಮುಂದೆ ಎಲೆಕ್ಟ್ರಿಕ್ ಗಿಟಾರ್ ಕಲಿಸಲು ಬಂದ ಶಿಕ್ಷಕರು ಸ್ವಲ್ಪ ದಿನದಲ್ಲೇ ಡೆಲೋರೆಸ್ ಅವರ ಬಳಿ ಬಂದು, ತನಗೆ ತಿಳಿದದ್ದೆಲ್ಲ ಮುಗಿಯಿತು, ಇನ್ನು ಇವನಿಗೆ ಕಲಿಸಲು ತನ್ನಲ್ಲಿ ಏನೂ ಉಳಿದಿಲ್ಲ ಎಂದರು.

1971ರಲ್ಲಿ ಅಣ್ಣನ ಜೊತೆ ಆಲಿಸ್ ಕೂಪರ್ ಕಾರ್ಯಕ್ರಮಕ್ಕೆ ಹೋದ. ಬಣ್ಣ, ಬೆಳಕು, ಕಿವಿಗಡಚಿಕ್ಕುವ ಸದ್ದು. ಹದಿನಾಲ್ಕರ ಹುಡುಗನಿಗೆ ತಾನು ಏನಾಗಬೇಕು ಎಂಬುದು ಅವತ್ತೇ ಗೊತ್ತಾಗಿಹೋಯಿತು. ಶಾಲೆಯ ಗೆಳೆಯ ಕೆಲ್ಲಿ ಗಾರ್ನಿ ಬಾಸ್ ಹಿಡಿದ. ಇಬ್ಬರೂ ಸೇರಿ ಬ್ಯಾಂಡ್ ಕಟ್ಟಿದರು. ಅದೇ ಮುಂದೆ ಕ್ವೈಟ್ ರಯಟ್ ಆಯಿತು.

ಹಗಲು ಮೇಷ್ಟ್ರು, ರಾತ್ರಿ ರಾಕ್

ಕ್ವೈಟ್ ರಯಟ್ ಲಾಸ್ ಏಂಜಲೀಸ್ ಕ್ಲಬ್‌ಗಳಲ್ಲಿ ಹೆಸರು ಮಾಡಿತು. ಆದರೆ ಅಮೆರಿಕದ ರೆಕಾರ್ಡ್ ಕಂಪನಿಗಳ ಬಾಗಿಲು ತೆರೆಯಲಿಲ್ಲ. ರ‍್ಯಾಂಡಿ ಇದ್ದ ಕಾಲದಲ್ಲಿ ಬಂದ ಅವರ ಎರಡು ಆಲ್ಬಂಗಳು ಬಿಡುಗಡೆಯಾದದ್ದು ಜಪಾನ್‌ನಲ್ಲಿ ಮಾತ್ರ. ತನ್ನದೇ ಊರಿನ ಅಂಗಡಿಯಲ್ಲಿ ತನ್ನ ರೆಕಾರ್ಡ್ ಸಿಗದ ಪರಿಸ್ಥಿತಿ.

ಆ ವರ್ಷಗಳಲ್ಲಿ ಅವನ ಹಗಲೆಲ್ಲ ಅಮ್ಮನ ಶಾಲೆಯಲ್ಲಿ ಕಳೆಯುತ್ತಿತ್ತು. ಮಕ್ಕಳಿಗೆ, ಹದಿಹರೆಯದವರಿಗೆ ಗಿಟಾರ್ ಪಾಠ. ಒಬ್ಬರ ನಂತರ ಒಬ್ಬರು. ಪ್ರತಿಯೊಬ್ಬರಿಗೂ ಅದೇ ಸ್ಕೇಲ್, ಅದೇ ಕಾರ್ಡ್, ಅದೇ ಪಿಕ್ ಹಿಡಿಯುವ ರೀತಿ. ಬೇರೆಯವರಾದರೆ ಬ್ಯಾಂಡ್ ಗೆಲ್ಲುವವರೆಗೆ ಹೊಟ್ಟೆಪಾಡಿಗೆ ಮಾಡುವ ಕೆಲಸ ಎಂದುಕೊಳ್ಳುತ್ತಿದ್ದರೇನೋ. ರ‍್ಯಾಂಡಿ ಮಾತ್ರ ತನ್ನ ಶೈಲಿ ಬೆಳೆದದ್ದೇ ಪಾಠ ಹೇಳುತ್ತಾ ಎಂದು ನಂಬಿದ್ದ. ದಿನವಿಡೀ ಗಿಟಾರ್ ಕೈಯಲ್ಲಿರುತ್ತಿತ್ತು. ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕಾದರೆ ಮೊದಲು ತನ್ನ ಬೆರಳಿಗೆ ಅದು ಬಿಡಿಬಿಡಿಯಾಗಿ ಗೊತ್ತಿರಬೇಕಲ್ಲ!

ಗಿಟಾರ್ ಮುಟ್ಟದ ಓದುಗರಿಗಾಗಿ ಈ ಅಭ್ಯಾಸ ಏನು ಎಂದು ಎರಡು ಮಾತು ಹೇಳುತ್ತೇನೆ. ನಮ್ಮ ಲ್ಯಾಬ್‌ನಲ್ಲಿ ರೆಸಿಪ್ರೊಕೇಟಿಂಗ್ ಪಂಪ್ ಇದೆ. ಸಿಂಗಲ್ ಆ್ಯಕ್ಟಿಂಗ್ ಪಂಪಿನಲ್ಲಿ ಪಿಸ್ಟನ್ ಒಂದು ದಿಕ್ಕಿಗೆ ಹೋಗುವಾಗ ಮಾತ್ರ ನೀರು ಹೊರಬರುತ್ತದೆ, ವಾಪಸ್ ಬರುವಾಗ ಇಲ್ಲ. ಡಬಲ್ ಆ್ಯಕ್ಟಿಂಗ್ ಪಂಪಿನಲ್ಲಿ ಹೋಗುವಾಗಲೂ ನೀರು, ಬರುವಾಗಲೂ ನೀರು. ಗಿಟಾರಿನಲ್ಲೂ ಹಾಗೆಯೇ. ಪಿಕ್‌ನಿಂದ ಬರೀ ಕೆಳಮುಖವಾಗಿ ಮೀಟಿದರೆ ಕೈ ಮೇಲಕ್ಕೆ ಬರುವ ಪ್ರಯಾಣ ದಂಡ. ಆಲ್ಟರ್ನೇಟ್ ಪಿಕಿಂಗ್‌ನಲ್ಲಿ ಎರಡೂ ಪ್ರಯಾಣದಲ್ಲಿ ಸ್ವರ ಹುಟ್ಟುತ್ತದೆ.

ಕೇಳಲು ಸುಲಭ. ಒಂದೇ ತಂತಿಯ ಮೇಲೆ ಮಾಡಲೂ ಸುಲಭ. ಕಷ್ಟ ಶುರುವಾಗುವುದು ತಂತಿ ಬದಲಿಸುವಾಗ. ಒಂದೊಂದು ತಂತಿಗೆ ಮೂರು ಸ್ವರದಂತೆ ಸ್ಕೇಲ್ ನುಡಿಸುತ್ತೀರಿ ಎಂದುಕೊಳ್ಳಿ. ಮೊದಲ ತಂತಿಯಲ್ಲಿ ಪಿಕ್ ಕೆಳಗೆ-ಮೇಲೆ-ಕೆಳಗೆ. ಮೂರು ಬೆಸಸಂಖ್ಯೆ, ಆದ್ದರಿಂದ ಮುಂದಿನ ತಂತಿ ಮೇಲ್ಮುಖವಾಗಿ ಶುರುವಾಗಬೇಕು: ಮೇಲೆ-ಕೆಳಗೆ-ಮೇಲೆ. ಮೂರನೆಯದಕ್ಕೆ ಮತ್ತೆ ಮೊದಲಿನಂತೆ. ಆರು ತಂತಿ ದಾಟುವಷ್ಟರಲ್ಲಿ ಹದಿನೆಂಟು ಸ್ವರ. ಎಡಗೈ ಬೆರಳು ಫ್ರೆಟ್ ಒತ್ತುವ ಕ್ಷಣ ಮತ್ತು ಬಲಗೈ ಪಿಕ್ ತಂತಿ ಬಿಡುವ ಕ್ಷಣ ಎರಡೂ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಹಿಂದುಮುಂದಾದರೂ ಸ್ವರದ ಬದಲು ಕಟ್ ಎಂಬ ಶಬ್ದ ಬರುತ್ತದೆ.

ವೇಗದ ಲೆಕ್ಕವೂ ಮಜವಾಗಿದೆ. ಮೆಟ್ರೊನೋಮ್ ನಿಮಿಷಕ್ಕೆ 60 ಇಟ್ಟು, ಪ್ರತಿ ಟಕ್‌ಗೆ ನಾಲ್ಕು ಸ್ವರ ನುಡಿಸಿದರೆ ಸೆಕೆಂಡಿಗೆ 4 ಸ್ವರ. 120ಕ್ಕೆ ಏರಿಸಿದರೆ ಸೆಕೆಂಡಿಗೆ 8. ಪಿಕ್ ಅಷ್ಟೇ ಅಗಲ ಓಡಾಡುತ್ತಿದ್ದರೆ, ವೇಗ ಎರಡು ಪಟ್ಟಾದಾಗ ಬೇಕಾಗುವ ಬಲ ನಾಲ್ಕು ಪಟ್ಟು. ಇದು ನಾವು ಓದುವ ಸಿಂಪಲ್ ಹಾರ್ಮೋನಿಕ್ ಮೋಷನ್ನೇ. ಹಾಗಾಗಿ ಜೋರು ಹಾಕಿ ವೇಗ ತರಲು ಹೋದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಅಷ್ಟೇ. ದಾರಿ ಒಂದೇ: ಪಿಕ್ ಓಡಾಡುವ ಅಗಲ ಕಡಿಮೆ ಮಾಡುವುದು. ತಂತಿಯನ್ನು ದಾಟಲು ಎಷ್ಟು ಬೇಕೋ ಅಷ್ಟೇ ಚಲನೆ. ಅದನ್ನು ಕೈಗೆ ಕಲಿಸಬೇಕಾದರೆ ನಿಧಾನವಾಗಿ ನುಡಿಸಬೇಕು, ನಿಧಾನದಲ್ಲಿ ಸರಿಬಂದ ಮೇಲೆ ಮೂರೋ ನಾಲ್ಕೋ ಅಂಕ ಮಾತ್ರ ಏರಿಸಬೇಕು. ವೇಗವಾಗಿ ನುಡಿಸುವವರೆಲ್ಲ ಮೊದಲು ನಿಧಾನವಾಗಿ ನುಡಿಸಿದವರೇ.

ಇನ್ನು ಸ್ಕೇಲ್ ಪ್ಯಾಟರ್ನ್. ಸ್ಕೇಲನ್ನು ನೇರವಾಗಿ ಹತ್ತಿ ಇಳಿಯುವುದಷ್ಟೇ ಅಲ್ಲ, ಒಂದರಿಂದ ನಾಲ್ಕು, ಎರಡರಿಂದ ಐದು, ಮೂರರಿಂದ ಆರು ಎಂದು ಕೊಂಡಿ ಹಾಕುತ್ತಾ ಹೋಗುವುದು. ನಾನು ಇದನ್ನು ಮೊದಲ ಸಲ ನುಡಿಸಿದಾಗ ಎಲ್ಲೋ ಕೇಳಿದ ಹಾಗಿದೆಯಲ್ಲ ಎನ್ನಿಸಿತು. ನಮ್ಮ ಮನೆಯಲ್ಲಿ ಅಕ್ಕ ಸಂಗೀತ ಪಾಠದಿಂದ ಬಂದು ಹಾಡುತ್ತಿದ್ದ ಏಕತಾಳದ ಅಲಂಕಾರ ಇದೇ! ಸರಿಗಮ, ರಿಗಮಪ, ಗಮಪದ. ಅವಳು ಅದನ್ನೇ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲದಲ್ಲಿ ಹೇಳುತ್ತಿದ್ದಳು. ಅಂದರೆ ಮೆಟ್ರೊನೋಮ್ ಇಲ್ಲದೆ, ತೊಡೆಯ ಮೇಲೆ ತಾಳ ಹಾಕಿಕೊಂಡು, ವೇಗವನ್ನು ಇಮ್ಮಡಿ ಮಾಡುವ ಅಭ್ಯಾಸ. ನಾರ್ತ್ ಹಾಲಿವುಡ್‌ನ ಶಾಲೆಯಲ್ಲಿ ರ‍್ಯಾಂಡಿ ಹೇಳಿಕೊಡುತ್ತಿದ್ದದ್ದೂ ನಮ್ಮ ಅಕ್ಕನ ಮೇಷ್ಟ್ರು ಹೇಳಿಕೊಡುತ್ತಿದ್ದದ್ದೂ ಬೇರೆ ಬೇರೆ ಸಂಗೀತವಾದರೂ, ಕಲಿಸುವ ದಾರಿ ಅಕ್ಕಪಕ್ಕದ್ದೇ.

ಹಾಡು ನುಡಿಸುವ ಮೊದಲೇ ಸಿಕ್ಕ ಕೆಲಸ

1979ರಲ್ಲಿ ಓಜಿ ಓಸ್‌ಬೋರ್ನ್ ಅವರನ್ನು ಬ್ಲ್ಯಾಕ್ ಸಬಾತ್ ಬ್ಯಾಂಡ್ ಹೊರಗೆ ಹಾಕಿತ್ತು. ಹೊಸ ತಂಡ ಕಟ್ಟಲು ಅವರು ಲಾಸ್ ಏಂಜಲೀಸ್‌ನಲ್ಲಿ ಗಿಟಾರ್ ವಾದಕರನ್ನು ಹುಡುಕುತ್ತಿದ್ದರು. ಪರಿಚಯದವರೊಬ್ಬರು ಒತ್ತಾಯ ಮಾಡಿದ ಮೇಲೆ ರ‍್ಯಾಂಡಿ ಹೋದ, ಅದೂ ಅರೆಮನಸ್ಸಿನಿಂದ. ಅವನಿಗೆ ಬ್ಲ್ಯಾಕ್ ಸಬಾತ್ ಸಂಗೀತದ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಕೈಯಲ್ಲಿ ತನ್ನ ಲೆಸ್ ಪಾಲ್ ಗಿಟಾರ್ ಮತ್ತು ಅಭ್ಯಾಸಕ್ಕೆ ಬಳಸುವ ಚಿಕ್ಕ ಆಂಪ್ಲಿಫೈಯರ್.

ಮುಂದಿನದು ರಾಕ್ ಲೋಕದಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ರ‍್ಯಾಂಡಿ ಕುಳಿತು ತಂತಿ ಶ್ರುತಿ ಮಾಡಿಕೊಂಡ, ಬೆರಳು ಸಡಿಲವಾಗಲಿ ಎಂದು ದಿನಾ ನುಡಿಸುವ ಹಾಗೆ ಸ್ಕೇಲ್ ನುಡಿಸತೊಡಗಿದ. ಅಷ್ಟು ಕೇಳಿಯೇ ಓಜಿ ಕೆಲಸ ಕೊಟ್ಟುಬಿಟ್ಟರು. ರ‍್ಯಾಂಡಿಗೆ ಗೊಂದಲ. ತಾನಿನ್ನೂ ಏನನ್ನೂ ನುಡಿಸಿಯೇ ಇಲ್ಲವಲ್ಲ!

ನನಗೆ ಈ ಕಥೆ ಇಷ್ಟವಾಗಲು ಕಾರಣ ಬೇರೆ. ಸಂದರ್ಶನಕ್ಕೆಂದು ಅವನು ಏನನ್ನೂ ತಯಾರು ಮಾಡಿಕೊಂಡು ತೋರಿಸಲಿಲ್ಲ. ಅಮ್ಮನ ಶಾಲೆಯಲ್ಲಿ ದಿನವೂ ಮಾಡುತ್ತಿದ್ದದ್ದನ್ನೇ ಅಲ್ಲೂ ಮಾಡಿದ, ಅದನ್ನು ಬೇರೊಬ್ಬರು ಕೇಳಿಸಿಕೊಂಡರು.

ಅದೇ ವರ್ಷದ ಕೊನೆಗೆ ರ‍್ಯಾಂಡಿ ಇಂಗ್ಲೆಂಡಿಗೆ ಹೋದ. ಬಾಬ್ ಡೇಸ್ಲಿ ಬಾಸ್, ಲೀ ಕರ್ಸ್ಲೇಕ್ ಡ್ರಮ್ಸ್. 1980ರಲ್ಲಿ ರಿಡ್ಜ್ ಫಾರ್ಮ್ ಎಂಬ ಸ್ಟುಡಿಯೋದಲ್ಲಿ ರೆಕಾರ್ಡ್ ಆದ ಬ್ಲಿಝರ್ಡ್ ಆಫ್ ಓಝ್ ಆಲ್ಬಂ ಅದೇ ವರ್ಷ ಬಿಡುಗಡೆಯಾಯಿತು. ಅದರಲ್ಲಿದ್ದ ಕ್ರೇಝಿ ಟ್ರೇನ್ ಹಾಡಿನ ಗಿಟಾರ್ ರಿಫ್ ಕೇಳದ ರಾಕ್ ಅಭಿಮಾನಿ ಇರಲಿಕ್ಕಿಲ್ಲ. ಆ ರಿಫ್ ಬಿಡಿಸಿ ನೋಡಿದರೆ ಒಳಗಿರುವುದು ಎಫ್ ಶಾರ್ಪ್ ಮೈನರ್ ಸ್ಕೇಲ್. ಅದರ ಏಳಕ್ಕೆ ಏಳೂ ಸ್ವರಗಳು ಆ ಪುಟ್ಟ ರಿಫ್‌ನಲ್ಲೇ ಬಂದುಹೋಗುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 20ನೇ ಮೇಳಕರ್ತ ನಟಭೈರವಿಯ ಸ್ವರಗಳು. ಮಕ್ಕಳಿಗೆ ಹತ್ತಿಸಿ ಇಳಿಸುತ್ತಿದ್ದ ಅದೇ ಮೆಟ್ಟಿಲುಗಳ ಕ್ರಮ ಬದಲಿಸಿ, ತಾಳ ಬದಲಿಸಿ, ಲೋಕವೇ ತಲೆದೂಗುವ ಹಾಗೆ ಮಾಡಿದ.

ಸೋಲೋಗಳದು ಇನ್ನೊಂದು ವಿಶೇಷ. ರ‍್ಯಾಂಡಿ ಒಂದು ಸೋಲೋವನ್ನು ಒಮ್ಮೆ ನುಡಿಸಿ ಬಿಡುತ್ತಿರಲಿಲ್ಲ. ಅದನ್ನೇ ಇನ್ನೊಮ್ಮೆ, ಕೆಲವು ಕಡೆ ಮತ್ತೂ ಒಮ್ಮೆ ನುಡಿಸಿ, ಒಂದರ ಮೇಲೊಂದು ಕೂರಿಸುತ್ತಿದ್ದರು. ಧ್ವನಿ ದಪ್ಪವಾಗುತ್ತದೆ. ಆದರೆ ಇದು ಆಗಬೇಕಾದರೆ ಮೂರು ಸಲವೂ ಅದೇ ಸ್ವರ, ಅದೇ ಎಳೆತ, ಅದೇ ಕಾಲ ಇರಬೇಕು. ಸೆಕೆಂಡಿಗೆ ಎಷ್ಟೋ ಸ್ವರ ಸುರಿಯುವ ಸೋಲೋವನ್ನು ಹೀಗೆ ಅಚ್ಚು ಹಾಕಿದಂತೆ ನುಡಿಸಲು ಹುರುಪು ಸಾಲದು. ಪಿಕ್ ಎಲ್ಲಿ ಕೆಳಗೆ ಹೋಗುತ್ತದೆ, ಎಲ್ಲಿ ಮೇಲೆ ಬರುತ್ತದೆ ಎಂಬುದು ಕೈಗೆ ಗೊತ್ತಿರಬೇಕು.

ಆ ಆಲ್ಬಂನ ಗಲಾಟೆಯ ನಡುವೆ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ಪುಟ್ಟ ರಚನೆ ಇದೆ. ಡ್ರಮ್ ಇಲ್ಲ, ಹಾಡುವವರಿಲ್ಲ, ಕ್ಲಾಸಿಕಲ್ ಗಿಟಾರ್ ಮಾತ್ರ. ಹೆಸರು ಡೀ. ಅದು ಅಮ್ಮ ಡೆಲೋರೆಸ್‌ಗಾಗಿ ಮಾಡಿದ್ದು.

ಬ್ಯಾಂಡ್ ಬಿಟ್ಟು ಡಿಗ್ರಿಗೆ?

1981ರಲ್ಲಿ ಎರಡನೇ ಆಲ್ಬಂ ಡೈರಿ ಆಫ್ ಎ ಮ್ಯಾಡ್‌ಮನ್ ಬಂತು. ಅದರ ಶೀರ್ಷಿಕೆ ಗೀತೆಯ ಬೀಜ ಇರುವುದು ಕ್ಯೂಬಾದ ಸಂಯೋಜಕ ಲಿಯೋ ಬ್ರೌವರ್ ಅವರ ಒಂದು ಗಿಟಾರ್ ರಚನೆಯಲ್ಲಿ. ಅದು ದೊಡ್ಡ ಕಛೇರಿ ಕೃತಿಯಲ್ಲ, ಕಲಿಯುವವರ ಬೆರಳು ಪಳಗಿಸಲು ಬರೆದ ಸರಳ ಅಭ್ಯಾಸಗಳಲ್ಲಿ ಆರನೆಯದು. ಪಾಠದ ಪುಸ್ತಕದ ಪುಟವೊಂದು ಹೆವಿ ಮೆಟಲ್ ಹಾಡಾಯಿತು.

ಅಷ್ಟು ಹೊತ್ತಿಗೆ ರ‍್ಯಾಂಡಿ ಸಾವಿರಾರು ಜನರ ಮುಂದೆ ನುಡಿಸುತ್ತಿದ್ದ. ಗಿಟಾರ್ ಪ್ಲೇಯರ್ ಪತ್ರಿಕೆಯ ಓದುಗರು 1981ರ ಅತ್ಯುತ್ತಮ ಹೊಸ ಪ್ರತಿಭೆ ಎಂದು ಅವನನ್ನು ಆರಿಸಿದ್ದರು. ಆಗ ಅವನು ಮಾಡುತ್ತಿದ್ದದ್ದೇನು ಗೊತ್ತೇ? ಟೂರ್ ಹೋದ ಊರಿನಲ್ಲೆಲ್ಲ ಅಲ್ಲಿಯ ಕ್ಲಾಸಿಕಲ್ ಗಿಟಾರ್ ಶಿಕ್ಷಕರನ್ನು ಹುಡುಕಿ, ಬಿಡುವಿನಲ್ಲಿ ಪಾಠಕ್ಕೆ ಹೋಗುತ್ತಿದ್ದ. ರಾತ್ರಿ ಕಾರ್ಯಕ್ರಮ, ಹಗಲು ವಿದ್ಯಾರ್ಥಿ. ಅಲ್ಲಿಗೂ ಮುಗಿಯಲಿಲ್ಲ. ರಾಕ್ ಬಿಟ್ಟು ವಿಶ್ವವಿದ್ಯಾಲಯಕ್ಕೆ ಸೇರಿ ಕ್ಲಾಸಿಕಲ್ ಗಿಟಾರಿನಲ್ಲಿ ಪದವಿ ಮಾಡಬೇಕೆಂಬ ಆಸೆಯನ್ನು ತಂಡದವರ ಮುಂದೆ ಹೇಳತೊಡಗಿದ್ದ.

ಇದನ್ನು ಓದಿದಾಗ ನಾನು ನಕ್ಕುಬಿಟ್ಟೆ. ನಮ್ಮ ಹಾಸ್ಟೆಲ್‌ನಲ್ಲಿ ಡಿಗ್ರಿ ಬಿಟ್ಟು ಬ್ಯಾಂಡ್ ಕಟ್ಟುವ ಕನಸು ಕಾಣುವವರು ಮಹಡಿಗೆ ನಾಲ್ಕು ಜನ ಇದ್ದಾರೆ. ಇಲ್ಲೊಬ್ಬ ಲೋಕಪ್ರಸಿದ್ಧ ಬ್ಯಾಂಡ್ ಬಿಟ್ಟು ಡಿಗ್ರಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ! ಆದರೆ ಯೋಚಿಸಿದಾಗ ಇದು ವಿಚಿತ್ರ ಎನ್ನಿಸಲಿಲ್ಲ. ಅವನಿಗೆ ಸ್ಟೇಜ್ ಗುರಿಯಾಗಿರಲಿಲ್ಲ. ಕಲಿಯುತ್ತಾ ಹೋಗುವ ದಾರಿಯಲ್ಲಿ ಅದೂ ಒಂದು ಊರು.

1982ರ ಮಾರ್ಚ್ 19

ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಮಾರ್ಚ್ 18ರಂದು ಕಾರ್ಯಕ್ರಮ ಮುಗಿಸಿ ತಂಡ ಬಸ್ಸಿನಲ್ಲಿ ಫ್ಲಾರಿಡಾದ ಒರ್ಲ್ಯಾಂಡೋ ಕಡೆಗೆ ಹೊರಟಿತ್ತು. ದಾರಿಯಲ್ಲಿ ಲೀಸ್‌ಬರ್ಗ್ ಎಂಬಲ್ಲಿ ಬಸ್ ನಿಂತಿತು. ಪಕ್ಕದಲ್ಲೇ ಸಣ್ಣ ವಿಮಾನಗಳಿಗೆಂದು ಒಂದು ರನ್‌ವೇ. ಬಸ್ಸಿನ ಚಾಲಕನಿಗೆ ವಿಮಾನ ಹಾರಿಸಲೂ ಬರುತ್ತಿತ್ತು. ಬೆಳಿಗ್ಗೆ ಒಂದು ಸುತ್ತು ಹೋಗಿಬರೋಣ ಎಂದು ಹೊರಟಾಗ ರ‍್ಯಾಂಡಿಯೂ, ತಂಡದ ಉಡುಪು-ಅಲಂಕಾರ ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರೂ ಹತ್ತಿದರು. ವಿಮಾನವೆಂದರೆ ರ‍್ಯಾಂಡಿಗೆ ಭಯ. ಆದರೂ ಅವತ್ತು ಹತ್ತಿದ.

ನಿಂತಿದ್ದ ಬಸ್ಸಿನ ಮೇಲೆ ತೀರಾ ಕೆಳಮಟ್ಟದಲ್ಲಿ ಹಾರುವಾಗ ವಿಮಾನದ ರೆಕ್ಕೆ ಬಸ್ಸಿಗೆ ತಗುಲಿತು. ವಿಮಾನ ಪಕ್ಕದ ಮನೆಯ ಗ್ಯಾರೇಜಿಗೆ ಅಪ್ಪಳಿಸಿ ಉರಿದುಹೋಯಿತು. ಮೂವರೂ ಉಳಿಯಲಿಲ್ಲ. ರ‍್ಯಾಂಡಿಗೆ 25 ವರ್ಷ. ಪದವಿಯ ಅರ್ಜಿ ಹಾಕುವ ದಿನ ಬರಲೇ ಇಲ್ಲ.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದಲ್ಲಿ ಅವನನ್ನು ಮಣ್ಣು ಮಾಡಿದರು. ಡೆಲೋರೆಸ್ ಅವರು ಮಗ ಹೋದ ಮೇಲೂ ಮ್ಯುಸೋನಿಯಾದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವುದನ್ನು ನಿಲ್ಲಿಸಲಿಲ್ಲ. ಮೂವತ್ತು ವರ್ಷ ಅವನಿಲ್ಲದೆ ಬದುಕಿ 2012ರಲ್ಲಿ ತೀರಿಕೊಂಡರು. 2021ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ರ‍್ಯಾಂಡಿಗೆ ಮ್ಯೂಸಿಕಲ್ ಎಕ್ಸಲೆನ್ಸ್ ಗೌರವ ಕೊಟ್ಟಿತು. ಅದನ್ನು ನೋಡಲು ಅಮ್ಮನೂ ಇರಲಿಲ್ಲ.

ನನ್ನ ರೂಮ್‌ಮೇಟ್‌ಗೆ ಉತ್ತರ

ನಾವು ಎಂಜಿನಿಯರಿಂಗ್ ಹುಡುಗರಿಗೆ ಎಲ್ಲವೂ ಮುಂದಿನದಕ್ಕೆ ತಯಾರಿ. ಪಿಯುಸಿ ಸಿಇಟಿಗೆ, ಸಿಇಟಿ ಸೀಟಿಗೆ, ಸೀಟು ಪ್ಲೇಸ್‌ಮೆಂಟಿಗೆ. ಬದುಕು ಆಮೇಲೆ ಶುರುವಾಗುತ್ತದೆ ಎಂದು ನಮಗೆ ಯಾರೂ ನೇರವಾಗಿ ಹೇಳಿಲ್ಲ, ಆದರೆ ನಾವೆಲ್ಲ ಹಾಗೇ ನಂಬಿದ್ದೇವೆ. ಆ ಲೆಕ್ಕದಲ್ಲಿ ನೋಡಿದರೆ ರ‍್ಯಾಂಡಿಯದು ನಷ್ಟದ ವ್ಯವಹಾರ. ಹದಿನೆಂಟು ವರ್ಷ ಅಭ್ಯಾಸ, ಎರಡೂವರೆ ವರ್ಷ ಹೆಸರು.

ನನಗೆ ಹಾಗೆ ಕಾಣುವುದಿಲ್ಲ. ಅಮ್ಮನ ಶಾಲೆಯ ಕೋಣೆಯಲ್ಲಿ ಯಾವುದೋ ಹುಡುಗನಿಗೆ ಸ್ಕೇಲ್ ತಿದ್ದುತ್ತಾ ಕುಳಿತ ಮಧ್ಯಾಹ್ನ, ಸಾವಿರಾರು ಜನರ ಮುಂದೆ ನುಡಿಸಿದ ರಾತ್ರಿಗಿಂತ ಅವನಿಗೆ ಕಡಿಮೆಯಾಗಿರಲಿಲ್ಲ. ಹಾಗಿಲ್ಲದಿದ್ದರೆ ಹೆಸರು ಬಂದ ಮೇಲೂ ಊರೂರಿನಲ್ಲಿ ಮೇಷ್ಟ್ರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಅಭ್ಯಾಸ ಅವನಿಗೆ ಬದುಕಿನ ತಯಾರಿ ಅಲ್ಲ, ಬದುಕೇ ಅದು. ಹಾಗೆ ನೋಡಿದರೆ ಅವನ 25 ವರ್ಷದಲ್ಲಿ ಒಂದು ದಿನವೂ ದಂಡವಾಗಿಲ್ಲ.

ನನಗೀಗ ಇಪ್ಪತ್ತು. ನಾನು ರ‍್ಯಾಂಡಿ ಆಗುವುದಿಲ್ಲ, ಅದು ನನಗೂ ಗೊತ್ತು, ನನ್ನ ರೂಮ್‌ಮೇಟ್‌ಗೂ ಗೊತ್ತು. ಬಿಇ ಮುಗಿಸುತ್ತೇನೆ, ಕೆಲಸವನ್ನೂ ಹುಡುಕುತ್ತೇನೆ. ಆದರೆ ಸಂಜೆಯ ಆ ಒಂದು ಗಂಟೆ ಯಾವುದಕ್ಕೂ ಮೆಟ್ಟಿಲಾಗಬೇಕಿಲ್ಲ ಎಂಬುದು ಈಗ ಸ್ಪಷ್ಟವಾಗಿದೆ. ನಿಮ್ಮದು ಗಿಟಾರ್ ಇರಲಿಕ್ಕಿಲ್ಲ. ಚಿತ್ರವೋ, ಚೆಸ್ಸೋ, ಯಕ್ಷಗಾನದ ಹೆಜ್ಜೆಯೋ ಇರಬಹುದು. ಏನು ಉಪಯೋಗ ಎಂದು ಕೇಳುವವರು ನಿಮ್ಮ ಪಕ್ಕದಲ್ಲೂ ಇದ್ದೇ ಇರುತ್ತಾರೆ.

ಅವರಿಗೆ ಒಂದು ಧ್ವನಿಮುದ್ರಣ ಕೇಳಿಸಿ. ರ‍್ಯಾಂಡಿ ಸತ್ತು ಐದು ವರ್ಷದ ಮೇಲೆ, 1987ರಲ್ಲಿ, ಅವನು ನುಡಿಸಿದ ಕಾರ್ಯಕ್ರಮಗಳ ಟ್ರಿಬ್ಯೂಟ್ ಎಂಬ ಆಲ್ಬಂ ಬಂತು. ಜನಜಂಗುಳಿಯ ಕೂಗು, ಮಿಂಚಿನಂಥ ಸೋಲೋಗಳು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಸ್ಟುಡಿಯೋದಲ್ಲಿ ಉಳಿದುಹೋಗಿದ್ದ ಒಂದು ತುಣುಕು ಇದೆ. ಅಮ್ಮನಿಗಾಗಿ ಮಾಡಿದ ಡೀ. ರ‍್ಯಾಂಡಿ ನುಡಿಸುತ್ತಾನೆ, ಬೆರಳು ತಪ್ಪುತ್ತದೆ, ನಿಲ್ಲಿಸುತ್ತಾನೆ, ಏನೋ ಗೊಣಗಿಕೊಳ್ಳುತ್ತಾನೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ.